ಎರಡು ಪೆನ್ನಿನ ಶಾಸಕರು

ಆರು ಸಲ ಗೆದ್ದ ನಮ್ಮ ಶಾಸಕರ ಬಾಯಲ್ಲಿ ‘ಇಲ್ಲ’ ಎಂಬ ಮಾತನ್ನು ಕೇಳಿದವರಿಲ್ಲ. ವರ್ಗಾವಣೆ ಬೇಕೆಂದವನಿಗೂ, ಅದೇ ವರ್ಗಾವಣೆ ತಪ್ಪಿಸಿ ಎಂದವನಿಗೂ “ಆಯ್ತು ಅಂದ್ಕೊಳ್ಳಿ” ಎನ್ನುತ್ತಾರೆ. ಅದಕ್ಕೇ ಜನ ಅವರಿಗೆ ಆಯ್ತಪ್ಪ ಎಂದು ಹೆಸರಿಟ್ಟಿದ್ದಾರೆ. ಬೆಳಿಗ್ಗೆ ಮುಖ ತೊಳೆಯುವ ಮೊದಲೇ ನಾಲ್ಕು ಶಿಫಾರಸು ಪತ್ರಕ್ಕೆ ಸಹಿ ಬಿದ್ದಿರುತ್ತದೆ. ಮದುವೆಮನೆಯಲ್ಲಿ ಮದುಮಗನ ಬೆನ್ನ ಮೇಲೆ ಪತ್ರವಿಟ್ಟು ಸಹಿ ಹಾಕಿದ್ದೂ ಉಂಟು. ಗುಟ್ಟೆಲ್ಲ ಜೇಬಿನ ಎರಡು ಪೆನ್ನುಗಳಲ್ಲಿತ್ತು. ಒಂದು ಬಣ್ಣದ ಸಹಿ ಕಂಡರೆ ಅಧಿಕಾರಿಗಳು ಕೆಲಸ ಮಾಡಿಕೊಡಬೇಕು, ಇನ್ನೊಂದು ಕಂಡರೆ ಪತ್ರವನ್ನು ಕಡತಗಳ ಅಡಿಗೆ ತಳ್ಳಬೇಕು. ಹಸಿರು ಯಾವುದಕ್ಕೆ, ನೀಲಿ ಯಾವುದಕ್ಕೆ ಎಂದು ನೆನಪಿಟ್ಟುಕೊಳ್ಳುತ್ತಿದ್ದವರು ಆಪ್ತ ಕಾರ್ಯದರ್ಶಿ. ಅವರು ಹೋದ ವರ್ಷ ತೀರಿಕೊಂಡರು, ಶಾಸಕರಿಗೋ ಮರೆತೇಹೋಗಿದೆ. ಅಧಿಕಾರಿಗಳನ್ನು ಕೇಳಲು ನಾಚಿಕೆ. ಈಗ ಒಂದು ದಿನ ಹಸಿರು, ಒಂದು ದಿನ ನೀಲಿ. ಆಗಬಾರದ ಕೆಲಸವೆಲ್ಲ ಆಗಿ, ಕೈಮುಗಿಯಲು ಬಂದವರನ್ನು ಕಂಡು ಅವರೇ ಬೆಚ್ಚುತ್ತಾರೆ. ಮೊನ್ನೆ ಒಡಹುಟ್ಟಿದ ತಂಗಿಯೇ ತಮ್ಮ ಮಗಳ ಕೆಲಸಕ್ಕೆ ಪತ್ರ ಕೇಳಲು ಬಂದರು. ಶಾಸಕರು ಎರಡೂ ಪೆನ್ನು ಹಿಡಿದು ತಡವರಿಸಿ, ದಾರಿ ಹೊಳೆದವರಂತೆ, “ಹಿಂದೆ ನಿನ್ನ ಗಂಡನ ವರ್ಗಾವಣೆಗೆ ಪತ್ರ ಕೊಟ್ಟಿದ್ನಲ್ಲಮ್ಮ, ಆ ಸಹಿ ಯಾವ ಬಣ್ಣದ್ದು?” ಎಂದರು. “ಹಸಿರು ಕಣಣ್ಣ.” “ಕೆಲಸ ಆಗಿತ್ತಾ?” “ಎಲ್ಲಿ ಆಯ್ತು? ನಮ್ಮವರು ಹನ್ನೊಂದು ವರ್ಷ ಅಲ್ಲೇ ಕೊಳೆತ್ರು. ಆ ಅಧಿಕಾರಿ ನಿನ್ನ ಮಾತೇ ಕೇಳ್ಲಿಲ್ಲ ಅಂತ ನೀನೇ ರೇಗಾಡಿದ್ಯಲ್ಲ.” ಶಾಸಕರು ನೀಲಿ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಮುಚ್ಚಿದರು. ಆ ಅಧಿಕಾರಿ ತಮ್ಮ ಮಾತು ಮೀರಿದ್ದನೋ, ಚಾಚೂ ತಪ್ಪದೆ ಪಾಲಿಸಿದ್ದನೋ ಅವರಿಗೆ ತಿಳಿಯಲಿಲ್ಲ. “ಯಾವುದರಲ್ಲಾದ್ರೂ ಹಾಕಣ್ಣ,” ಎಂದರು ತಂಗಿ, “ನಿನ್ನ ಸಹಿ ತಾನೇ.”