ಆಟಕ್ಕೆ ಕಳಿಸುವ ಮೊದಲು ಕೇಳುವ ಪ್ರಶ್ನೆ

ಡಚ್ಚರ ನಾಡಿನ ಆಮ್ಸ್ಟೆಲ್‌ವೀನ್‌ನ ಶಾಲೆಯಲ್ಲಿ ನಮಗೆ ಕೊಟ್ಟ ತರಗತಿಗೆ ಒಂದು ಬದಿ ಪೂರ್ತಿ ಗಾಜು. ಪರದೆಯ ಮಾತೇ ಇಲ್ಲ. ರಸ್ತೆಯಲ್ಲಿ ಸೈಕಲ್ ತುಳಿಯುವವರು ನಮ್ಮನ್ನು ನೋಡುತ್ತ ಹೋಗಬಹುದು, ನಾವು ಅವರನ್ನು. ಮಡಿಕೇರಿಯ ಮಂಜಿನಲ್ಲಿ ಹಗಲೇ ದೀಪ ಹಾಕಿ ಪಾಠ ಮಾಡಿದವಳಿಗೆ ಅಷ್ಟು ಬೆಳಕು ಕಂಡು ಖುಷಿಯೋ ಖುಷಿ. ಜೊತೆಗೆ ಬಂದ ಕ್ಯಾರಲ್ ಬೆಳಕನ್ನು ನೋಡಲೇ ಇಲ್ಲ. ಅವರು ಅಮೆರಿಕದಿಂದ ಬಂದ ಹಿರಿಯ ಟೀಚರು, ನಾನು ಅವರ ಸಹಾಯಕಿ. ಬ್ಯಾಗು ಕೂಡ ಇಳಿಸದೆ ಬಾಗಿಲಿಗೆ ಒಳಗಿನಿಂದ ಚಿಲಕವಿದೆಯೇ ಎಂದು ನೋಡಿದರು. ಆಮೇಲೆ ಪುಸ್ತಕದ ಕಪಾಟಿನ ಮರೆಯಲ್ಲಿ ನೆಲಕ್ಕೆ ಕೂತು, "ಹೊರಗೆ ಹೋಗಿ ನೋಡು, ನಾನು ಕಾಣಿಸ್ತೀನಾ?" ಎಂದರು.

ಕಾಣಿಸುತ್ತೀರಿ ಎಂದೆ. ಎದ್ದು ಇನ್ನೊಂದು ಮೂಲೆಗೆ ಹೋಗಿ ಕೂತರು. ಇವರಿಗೆ ಏನೋ ಆಗಿದೆ ಎಂದುಕೊಂಡೆ.

ಆಗಿದ್ದು ನಿಜ. ಅವರು ಮೊದಲಿದ್ದ ಶಾಲೆಗೆ ಒಬ್ಬ ಹುಡುಗ ಅಪ್ಪನ ಕೋವಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಂದಿದ್ದ. ಪಕ್ಕದ ತರಗತಿಯ ಒಂದು ಮಗು ಉಳಿಯಲಿಲ್ಲ. ಅಂದಿನಿಂದ ಕ್ಯಾರಲ್ ಮತ್ತು ಅಲ್ಲಿನ ಕೆಲವು ಟೀಚರುಗಳು, ತಾಯಂದಿರು ಸೇರಿ ಮನೆಮನೆಯವರನ್ನು ಭೇಟಿಯಾಗಿ ಒಂದೇ ವಿಷಯ ಹೇಳುತ್ತ ಬಂದಿದ್ದರು: ಶಾಲೆಗೆ ಬರುವ ಕೋವಿ ಹೆಚ್ಚಾಗಿ ಮನೆಯಿಂದ ಬರುತ್ತದೆ, ಅದಕ್ಕೆ ಮನೆಯಲ್ಲೇ ಬೀಗ ಹಾಕಿ.

ನಾವು ಇಲ್ಲಿಗೆ ಬಂದು ಕೆಲವೇ ತಿಂಗಳಿಗೆ ಕೊರೊನಾ ಬಂತು. ಜೈಡಾಸ್ ಬಡಾವಣೆಯ ಬ್ಯಾಂಕಿಗೆ ಟ್ರಾಮಿನಲ್ಲಿ ಹೋಗುತ್ತಿದ್ದ ನನ್ನ ಗಂಡ ಪೂವಯ್ಯ ಊಟದ ಮೇಜನ್ನೇ ಆಫೀಸು ಮಾಡಿಕೊಂಡ. ಮಗಳು ದೇಚುಗೆ ಆಗ ಎಂಟು ವರ್ಷ. ಊರಿನಲ್ಲಾದರೆ ಮಕ್ಕಳು ಕಂಡವರ ಮನೆಗೆ ನುಗ್ಗಿ, ಅಲ್ಲೇ ಉಂಡು, ಕತ್ತಲಾದ ಮೇಲೆ ಬಂದರೂ ಯಾರೂ ಏನೂ ಅನ್ನುವುದಿಲ್ಲ. ಇಲ್ಲಿ ಮಕ್ಕಳ ಆಟಕ್ಕೂ ಮೊದಲೇ ದಿನ, ಹೊತ್ತು ಗೊತ್ತು ಮಾಡಬೇಕು. ಅದಕ್ಕೆ ಸ್ಪೇಲ್‌ಆಫ್‌ಸ್ಪ್ರಾಕ್ ಎಂದು ಹೆಸರು. ಬುಧವಾರ ಎರಡರಿಂದ ನಾಲ್ಕು ಎಂದರೆ ನಾಲ್ಕಕ್ಕೆ ಸರಿಯಾಗಿ ಮಗುವಿಗೆ ಶೂ ಹಾಕಿಸಿ ಬಾಗಿಲಲ್ಲಿ ನಿಲ್ಲಿಸಿರುತ್ತಾರೆ. ಮೊದಮೊದಲು ನನಗೆ ಇದು ಮಹಾ ಜಿಪುಣತನ ಅನ್ನಿಸುತ್ತಿತ್ತು. ಮನೆಗೆ ಯಾರೂ ಬಾರದ ಆ ಚಳಿಗಾಲದಲ್ಲಿ ಅಂಥ ಎರಡು ಗಂಟೆಗೂ ಬಾಯಿಬಿಡುವಂತಾಯಿತು. ನನಗಂತೂ ಮಾತಾಡಲು ಜನರಿಲ್ಲದೆ ಹುಚ್ಚು ಹಿಡಿಯುವುದೊಂದು ಬಾಕಿ.

ಅದಕ್ಕೇ ಕ್ಯಾರಲ್ ತಮ್ಮ ಆನ್‌ಲೈನ್ ಸಭೆಗೆ ಕರೆದಾಗ ಕುಣಿದುಕೊಂಡು ಹೋದೆ. ಅಮೆರಿಕದಲ್ಲಿ ಮಧ್ಯಾಹ್ನವಾಗುವಾಗ ನಮಗೆ ಸಂಜೆ. ಅಲ್ಲಿನ ಟೀಚರುಗಳೂ ತಾಯಂದಿರೂ ಪರದೆಯ ಮೇಲೆ ಸೇರುತ್ತಿದ್ದರು. ಅವರು ಕಲಿಯುತ್ತಿದ್ದುದು ಒಂದು ಪ್ರಶ್ನೆಯನ್ನು. ಮಗುವನ್ನು ಬೇರೆಯವರ ಮನೆಗೆ ಆಟಕ್ಕೆ ಕಳಿಸುವ ಮೊದಲು, ನಿಮ್ಮಲ್ಲಿ ನಾಯಿ ಇದೆಯಾ ಎಂದು ಕೇಳುವಷ್ಟೇ ಸಹಜವಾಗಿ, "ನಿಮ್ಮ ಮನೆಯಲ್ಲಿ ಕೋವಿ ಇದೆಯಾ? ಹೇಗೆ ಇಟ್ಟಿದ್ದೀರಿ?" ಎಂದು ಕೇಳುವುದು. ಕೇಳುವುದು ಸುಲಭವಲ್ಲ. ಕೆಲವರು ನಾಚುತ್ತಿದ್ದರು, ಕೆಲವರು ಜಗಳ ಕಾಯುವವರಂತೆ ಕೇಳುತ್ತಿದ್ದರು. ಹಾಗಾಗಿ ಇಬ್ಬಿಬ್ಬರು ಸೇರಿ ನಾಟಕದಂತೆ ಅಭ್ಯಾಸ ಮಾಡುತ್ತಿದ್ದರು. ನನಗೆ ಸಿಕ್ಕಿದ್ದು ಸಿಡುಕು ಮೂತಿಯ ನೆರೆಮನೆಯವಳ ಪಾತ್ರ. ಅದಕ್ಕೆ ನಾನು ಹೆಚ್ಚು ಕಷ್ಟಪಡಬೇಕಾಗಿರಲಿಲ್ಲ ಎಂದು ಪೂವಯ್ಯನ ಅಭಿಪ್ರಾಯ.

ಒಂದು ಸಂಜೆ ಕ್ಯಾರಲ್ಲೇ ಕೇಳುವ ಸರದಿ. "ನಿಮ್ಮ ಮನೆಯಲ್ಲಿ ಕೋವಿ ಇದೆಯಾ?" ಎಂದರು. ಮನೆ ಎಂದ ಕೂಡಲೇ ನನಗೆ ಬಾಡಿಗೆಯ ಫ್ಲಾಟು ನೆನಪಾಗಲಿಲ್ಲ, ಊರಿನ ಅಪ್ಪನ ಮನೆ ನೆನಪಾಯಿತು. ಪಾತ್ರ ಮರೆತು, "ಇದೆ, ನಡುಮನೆಯ ಗೋಡೆಯಲ್ಲಿ" ಎಂದುಬಿಟ್ಟೆ.

ನಾನು ತಡಬಡಿಸಿ ವಿವರಿಸಿದೆ. ನಾವು ಕೊಡವರು, ನಮ್ಮಲ್ಲಿ ಕೋವಿ ಎಂದರೆ ಮನೆಯ ಹಿರಿಯರಿದ್ದ ಹಾಗೆ. ಸಾವಾದರೆ ಗುಂಡು ಹಾರಿಸಿ ಊರಿಗೆ ತಿಳಿಸುತ್ತೇವೆ. ಆಯುಧಗಳ ಹಬ್ಬವಾದ ಕೈಲ್ ಮುಹೂರ್ತದ ದಿನ ಅದಕ್ಕೆ ಹೂವಿಟ್ಟು ಪೂಜೆ ಮಾಡುತ್ತೇವೆ, ಆ ಹೂವಿನ ಹೆಸರೂ ಕೋವಿ ಹೂವು ಎಂದೇ. ಕ್ಯಾರಲ್ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಅಭ್ಯಾಸದಲ್ಲಿದ್ದಂತೆಯೇ, ದನಿ ಏರಿಸದೆ, ಎರಡನೆಯ ಪ್ರಶ್ನೆ ಕೇಳಿದರು: "ಬೀಗ ಹಾಕಿದೆಯಾ?"

ಪೂಜೆ ಮಾಡುವ ವಸ್ತುವಿಗೆ ಯಾರಾದರೂ ಬೀಗ ಹಾಕುತ್ತಾರೆಯೇ ಎಂದು ಬಾಯಿತುದಿಗೆ ಬಂದಿತ್ತು. ಹೇಳಲಿಲ್ಲ. ಊರಿನ ಮನೆಯಲ್ಲಿ ಅಣ್ಣನ ಇಬ್ಬರು ಮಕ್ಕಳಿದ್ದರು, ಶಾಲೆ ಮುಚ್ಚಿ ತಿಂಗಳುಗಳಾಗಿದ್ದವು. ವಿಮಾನ ಶುರುವಾದರೆ ದೇಚುವನ್ನು ಇಡೀ ಬೇಸಿಗೆ ರಜೆಗೆ ಅಲ್ಲಿಗೇ ಕಳಿಸುವುದೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಪರರ ಜೊತೆ ಅಭ್ಯಾಸ ಮಾಡುತ್ತಿದ್ದ ಪ್ರಶ್ನೆಯನ್ನು ನಾನು ನಮ್ಮ ಮನೆಯಲ್ಲೇ ಕೇಳಬೇಕಾಗಿತ್ತು. ನನಗೆ ಹೆದರಿಕೆಯಾಯಿತು.

ಕ್ಯಾರಲ್ ಶಾಲೆಯ ವಿಷಯ ಮೊದಲೇ ಗೊತ್ತಿದ್ದ ಅಪ್ಪನಿಗೆ ಫೋನು ಮಾಡಿದೆ. ಮನೆಯಲ್ಲಿ ನಾವಾಡುವುದು ಕೊಡವ ತಕ್ಕ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅಪ್ಪ, ಕೋವಿ ಎಲ್ಲಿದೆ?"

"ಎಲ್ಲಿರ್ತದೆ, ಗೋಡೆಲಿ."

"ಗುಂಡಿನ ತೋಟೆ?"

"ಕೆಳಗಿನ ಡ್ರಾಯರಲ್ಲಿ. ಯಾಕೆ, ನಿಮ್ಮ ಕಡೆ ಕಾಡುಹಂದಿ ಬಂತಾ?" ಎಂದು ನಕ್ಕರು.

"ಎರಡನ್ನೂ ಬೇರೆ ಬೇರೆ ಇಟ್ಟು ಬೀಗ ಹಾಕಿ ಅಪ್ಪ. ಮಕ್ಕಳಿದ್ದಾರೆ."

"ನೀನೂ ಮಗುವಾಗಿದ್ದೆಯಲ್ಲ ಇದೇ ಮನೇಲಿ. ಏನಾದ್ರೂ ಆಯ್ತಾ?"

"ಆಗ್ಲಿಲ್ಲ. ಕ್ಯಾರಲ್ ಶಾಲೇಲೂ ಅವತ್ತಿನ ತನಕ ಏನೂ ಆಗಿರ್ಲಿಲ್ಲ."

ಅಪ್ಪ, "ಬೀಗ ಹಾಕದಿದ್ರೆ?" ಎಂದರು.

"ಹಾಕದಿದ್ರೆ ದೇಚುನ ಕಳ್ಸೋಕಾಗಲ್ಲ ಅಪ್ಪ."

ಅಪ್ಪ ಫೋನನ್ನು ಅವ್ವನ ಕೈಗೆ ಕೊಟ್ಟು ಎದ್ದು ಹೋದರು. ಆಮೇಲೆ ಎಷ್ಟೋ ವಾರ ನಾನು ಫೋನು ಮಾಡಿದಾಗಲೆಲ್ಲ ಅವರು ತೋಟದಲ್ಲೇ ಇರುತ್ತಿದ್ದರು. ಮಳೆ ಸುರಿಯುವಾಗಲೂ ತೋಟದಲ್ಲೇ. ನನಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೇಳಿದ್ದನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಕ್ಯಾರಲ್‌ಗೆ ವಿಷಯ ಹೇಳಿದೆ. ಅವರು ಸಮಾಧಾನದ ಮಾತೇನೂ ಆಡಲಿಲ್ಲ. ತಮ್ಮ ಸ್ವಂತ ಅಕ್ಕ ಇದೇ ಪ್ರಶ್ನೆಗೆ ಮಾತು ಬಿಟ್ಟಿದ್ದಾಳೆ ಎಂದಷ್ಟೇ ಹೇಳಿ, ಶಾಲೆಯ ಅಂಗಳದಲ್ಲಿ ಒಂದೂವರೆ ಮೀಟರ್ ದೂರದಲ್ಲಿ ನಿಂತು ನನ್ನ ಜೊತೆ ಕಾಫಿ ಕುಡಿದರು.

ಕೊನೆಗೂ ವಿಮಾನಗಳು ಹಾರಿದವು. ಅಣ್ಣ ಫೋನು ಮಾಡಿ, "ಬನ್ನಿ, ಅಪ್ಪ ಬರೋಕೆ ಹೇಳಿದ್ದಾರೆ" ಎಂದ. ಬೀಗದ ಬಗ್ಗೆ ಕೇಳಿದ್ದಕ್ಕೆ, "ಬಂದು ನೋಡು" ಎಂದ.

ಹೋದೆವು. ದೇಚು ಚೀಲ ಎಸೆದು ಅಣ್ಣನ ಮಕ್ಕಳ ಜೊತೆ ಓಡಿದಳು. ಅಪ್ಪ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋಗಿ ಹೊಸ ಕಬ್ಬಿಣದ ಬೀರುವನ್ನು ಬೆರಳಿನಿಂದ ತಟ್ಟಿದರು.

"ಕೋವಿ ಇದ್ರಲ್ಲಿ. ತೋಟೆ ಬೇರೆ ಕಡೆ. ನಿನ್ನ ಟೀಚರಿಗೆ ಹೇಳು."

"ಕೋಪವಾ ಅಪ್ಪ?"

"ಇಲ್ಲ. ನೀನು ಹೇಳಿದ್ದು ಸರಿಯೇ ಇತ್ತು, ಅದ್ಕೇ ಹಾಕ್ಸಿದ್ದು." ಬೀರುವಿನ ಹಿಡಿಯನ್ನು ಒಮ್ಮೆ ಎಳೆದು ನೋಡಿದರು. "ಮದುವೆ ಮಾಡಿ ಕಳಿಸಿದಾಗ್ಲೂ ನೀನು ಈ ಮನೆಗೆ ನೆಂಟಳಾಗಿರ್ಲಿಲ್ಲ. ಅವತ್ತು ಫೋನಲ್ಲಿ ಆದೆ."

ಆ ಪ್ರಶ್ನೆಯನ್ನು ನಾನು ಈಗಲೂ ಕೇಳುತ್ತೇನೆ, ಕೇಳುವುದನ್ನು ಕಲಿಸುತ್ತೇನೆ. ಬೀಗ ನೋಡಿದ ಮೇಲೆ ಕೀಲಿ ಯಾರ ಬಳಿ ಇದೆ ಎಂದು ತಪ್ಪದೆ ವಿಚಾರಿಸಬೇಕೆಂದೂ ಹೇಳಿಕೊಡುತ್ತೇನೆ. ಅಂದು ಅಪ್ಪನಿಗೆ ಅದೊಂದನ್ನು ಕೇಳಲು ನನ್ನಿಂದಾಗಲಿಲ್ಲ. "ಮನೆಯವರ ಹತ್ರ, ನೆಂಟರಿಗ್ಯಾಕೆ ಅದು?" ಎಂದುಬಿಟ್ಟರೆ ಎಂದು ಹೆದರಿದೆ.