ಅಗಲಿದವರ ಪಟ್ಟಿಯಾಗಿನ ಮೂರನೇ ಹೆಸರು

ಗಿಣಿಗೇರಾದ ಸ್ಟೇಷನ್ ಕಡೆ ಹೋಗೋ ದಾರಿಯೊಳಗ, ಫ್ಯಾಕ್ಟರಿ ಧೂಳು ಕುಂತು ಕರ್ರಗಾದ ಒಂದು ಬೋರ್ಡ್ ಐತಿ: ‘ಸುನಿತಾ ಕಂಪ್ಯೂಟರ್ ಎಂಬ್ರಾಯ್ಡರಿ’. ಒಳಗ ಹೋಗಿ ಸುನಿತಾ ಯಾರು ಅಂತ ಕೇಳಬ್ಯಾಡ್ರಿ. ಸುನಿತಾ ಕೊಪ್ಪಳದಾಗ ಪಿಯುಸಿ ಓದೋ ಹುಡುಗಿ. ಮಿಷನ್ ಮುಂದ ಕುಂತಾಕಿ ಆಕಿ ಅವ್ವ, ಹೇಮಾವತಿ. ಮೂವತ್ತೆಂಟು ವರ್ಷದಾಕಿ. ಮಾತು ಕಡಿಮಿ, ಹಟ ಭಾಳ.

ಮೊದಲು ಆಕಿ ಜಂಪರಿನ ತೋಳಿಗೆ ಹೂವು-ಬಳ್ಳಿ ಹಾಕತಿದ್ಲು. ಒಂದು ದಿನ ಸಾಲಿ ಹುಡುಗಿಯೊಬ್ಬಾಕಿ ಬಂದು, “ಅಕ್ಕಾ, ನಮ್ಮ ಮಿಸ್ಸಿನ ಹೆಸರು ಒಂದು ದಸ್ತಿ ಮ್ಯಾಲೆ ಹಾಕಿ ಕೊಡ್ತೀಯೇನು? ಕೈ ಒರಸಿಕೊಂಡಾಗೊಮ್ಮೆ ನಾವು ನೆನಪಾಗಬೇಕು” ಅಂದ್ಲು. ಅಲ್ಲಿಂದ ಶುರುವಾತು ನೋಡ್ರಿ. ಈಗ ಸೆಪ್ಟೆಂಬರಿನ ಶಿಕ್ಷಕರ ದಿನ ಬಂತಂದ್ರ ಬಾಗಿಲ ಮುಂದ ಪಾಳಿ ಹಚ್ಚತಾರ. ದಸ್ತಿ, ಟವೆಲ್, ಶಾಲು, ಕನ್ನಡಕದ ಚೀಲ, ಎಲ್ಲದರ ಮ್ಯಾಲೂ ಹೆಸರು. ಹೇಮಾವತಿ ಹೆಸರಷ್ಟ ಕೇಳಿ ಸುಮ್ಮನಾಗೋದಿಲ್ಲ. “ನಿಮ್ಮ ಮಿಸ್ಸಿಗೆ ಏನು ಸೇರತೈತಿ?” ಅಂತ ಕೇಳತಾಳ. ಒಬ್ಬ ಹುಡುಗ, “ನಮಗ ಬೈಯೋದು ಸೇರತೈತ್ರಿ” ಅಂದಿದ್ದ. ಆ ಮಿಸ್ಸಿನ ಹೆಸರಿನ ಕೆಳಗ ಹೇಮಾವತಿ ಒಂದು ಮರದ ಸ್ಕೇಲಿನ ಚಿತ್ರ ಹೊಲದು ಕೊಟ್ಲು. ಆ ಮಿಸ್ಸು ಮಾರನೇ ದಿನ ತಾವ ಬಂದು ನಕ್ಕು ಹೋದ್ರು.

ಇದು ಗುಂಡಿ ಒತ್ತಿದ್ರ ಮುಗಿಯೋ ಕೆಲಸ ಅಂತ ಯಾರಾದ್ರೂ ಅಂದ್ರ ಆಕಿ ಮುಂದ ಅನ್ನಬ್ಯಾಡ್ರಿ, ಬೈಸಿಕೊಂತೀರಿ. ಮಿಷನ್ನಿಗೆ ಇಂಗ್ಲಿಷ್ ಅಕ್ಷರ ತಾನಾಗೇ ಬರತಾವ. ಕನ್ನಡಕ್ಕ ಒಂದೊಂದು ಹೆಸರನ್ನೂ ಲ್ಯಾಪ್‌ಟಾಪಿನಾಗ ಕೂಡಿಸಿ, ಒತ್ತಕ್ಷರ ಒಂದರ ಮ್ಯಾಲೊಂದು ಏರದಂಗ ನೋಡಿ, ಆಮ್ಯಾಲೆ ಮಿಷನ್ನಿಗೆ ಕೊಡಬೇಕು. ಬಟ್ಟಿ ಫ್ರೇಮಿನಾಗ ಒಂದು ಎಳಿ ಸಡಲಾದ್ರೂ ಹೆಸರು ಸೊಟ್ಟಾಗತೈತಿ. “ಮಂದಿ ಹೆಸರು ಸೊಟ್ಟ ಬರೀಬಾರದು” ಅನ್ನೋದು ಆಕಿ ಲೆಕ್ಕ. ಸೊಟ್ಟಾತಂದ್ರ ಫ್ರೇಮಿನಿಂದ ಬಿಚ್ಚಿ ಬಿಸಾಕಿ ಹೊಸಾ ಬಟ್ಟಿ ಹಾಕತಾಳ.

ಇಷ್ಟು ಮಂದಿ ಮಾಸ್ತರರ ಹೆಸರು ಹೊಲದಾಕಿಗೆ ಮಾಸ್ತರ ಮಂದಿ ಮ್ಯಾಲೆ ಒಳಗೊಂದು ಸಿಟ್ಟಿತ್ತು. ಹಳೇ ಸಿಟ್ಟು, ಇಪ್ಪತ್ತೆರಡು ವರ್ಷದ್ದು. ಆಕಿ ಅಪ್ಪ ಕಾಳಪ್ಪ ಗೌಂಡಿ ಕೆಲಸಕ್ಕಂತ ಅಳವಂಡಿಗೆ ಬಂದು ಬಾಡಿಗಿ ಮನಿ ಮಾಡಿದ್ದ. ಹೇಮಾವತಿ ಅಲ್ಲೇ ಹೈಸ್ಕೂಲಿನಾಗ ಹತ್ತನೇತ್ತ ಓದತಿದ್ಲು, ಮೊದಲನೇ ಬೆಂಚಿನ ಹುಡುಗಿ. ಸಂಕ್ರಾಂತಿ ಮುಗಿದ ವಾರದಾಗ, ಹದಿನೈದು ತುಂಬಿದ ಆ ಹುಡುಗೀನ್ನ ಕುಷ್ಟಗಿ ಕಡೆ ಸೋದರತ್ತಿ ಊರಿಗೆ ಕರಕೊಂಡು ಹೋಗಿ, ಸದ್ದಿಲ್ಲದಂಗ ಅತ್ತಿ ಮಗ ರವಿಕುಮಾರಗ ಕೊಟ್ಟು ಮದುವಿ ಮಾಡಿದ್ರು. ಮದುವ್ಯಾದ ಮ್ಯಾಲೆ ಎಷ್ಟೋ ದಿನ ಹೇಮಾವತಿ ಅತ್ತಿ ಮನಿ ಕಟ್ಟಿ ಮ್ಯಾಲೆ ಕುಂತು ದಾರಿ ನೋಡತಿದ್ಲು. ಮಾಸ್ತರು ಬರತಾರ, ಅಪ್ಪಗ ಬೈತಾರ, ಪರೀಕ್ಷಾಕ್ಕ ಕರಕೊಂಡು ಹೋಗತಾರ ಅಂತ. ಒಬ್ಬರೂ ಬರಲಿಲ್ಲ. “ಮುಂದಿನ ಬೆಂಚಿನಾಕಿ ಒಮ್ಮಿಂದೊಮ್ಮೆಲೆ ಕಾಣೆಯಾದ್ರ ಎಲ್ಲಿಗೆ ಹೋದ್ಲು ಅಂತ ಒಬ್ಬರಾದ್ರೂ ಕೇಳಬ್ಯಾಡೇನು?” ಅಂತ ಗಂಡನ ಮುಂದ ಒಮ್ಮೆ ಅತ್ತಿದ್ಲು. ರವಿಕುಮಾರ ಛಲೋ ಮನಷಾ. ಆತಗ ಫ್ಯಾಕ್ಟರಿ ಕೆಲಸ ಸಿಕ್ಕ ಮ್ಯಾಲೆ ಗಿಣಿಗೇರಾಕ್ಕ ಬಂದ್ರು. ಮಿಷನ್ ಕೊಡಿಸಿದಾವನೂ ಆತನ.

ಹೋದ ವರ್ಷ ಜನವರಿಯೊಳಗ ಅಂಗಡಿಗೆ ಒಬ್ಬಾತ ಬಂದ. ಕುಕನೂರಿನಾಗ ಬೀಜ-ಗೊಬ್ಬರದ ಅಂಗಡಿ ಇಟ್ಟಾವ, ಹೆಸರು ಉಮಾಪತಿ. ಹೇಮಾವತಿ ನೋಡಿದ ಕೂಡಲೇ ಗುರುತು ಹಿಡದ್ಲು. ಅಳವಂಡಿ ಸಾಲ್ಯಾಗ ತನ್ನ ಹಿಂದಿನ ಬೆಂಚಿನಾಗ ಕುಂತು ಶೇಂಗಾ ತಿಂತಿದ್ದ ಉಮಾಪತಿ. ಆತಗ ಮಾತ್ರ ಕನ್ನಡಕದ ಹಿಂದಿನ ಈ ಹೆಂಗಸು ಯಾರಂತ ಗೊತ್ತಾಗಲಿಲ್ಲ. ಆಕಿನೂ ಬಾಯಿ ಬಿಡಲಿಲ್ಲ. ಏನಂತ ಹೇಳೋದು? ಪರೀಕ್ಷಾಕ್ಕ ಕುಂದ್ರದ ಬಿಟ್ಟು ಹೋದಾಕಿ ನಾನು ಅಂತನಾ?

“ಅಕ್ಕಾರ, ನಮ್ಮ ಹತ್ತನೇತ್ತ ಬ್ಯಾಚಿನವರು ಕೂಡಿ ಗುರುವಂದನಾ ಇಟ್ಟೀವ್ರಿ. ಒಂಬತ್ತು ಮಂದಿ ಗುರುಗಳಿಗೆ ಶಾಲು, ಐವತ್ನಾಲ್ಕು ಮಂದಿ ಗೆಳೆಯಾರಿಗೆ ದಸ್ತಿ. ಎಲ್ಲಾದರ ಮ್ಯಾಲೂ ಅವರವರ ಹೆಸರು ಬರಬೇಕು. ಮತ್ತ ಇದೊಂದು ಬಿಳೀ ಬಟ್ಟಿ. ತೀರಿಹೋದ ಗೆಳೆಯಾರ ಹೆಸರು ಇದರ ಮ್ಯಾಲೆ ಬರೀರಿ, ದೀಪದ ಹಿಂದ ಕಟ್ಟತೀವಿ.”

“ಇದಕ್ಕ ಎಲ್ಲಾರೂ ಫ್ಲೆಕ್ಸ್ ಮಾಡಸ್ತಾರಲ್ರಿ?”

“ಫ್ಲೆಕ್ಸ್ ಮಾರನೇ ದಿನಾ ಯಾರದೋ ದನದ ಕೊಟ್ಟಿಗಿ ಮ್ಯಾಲಿರತೈತ್ರಿ ಅಕ್ಕಾರ. ಸತ್ತ ಗೆಳೆಯಾರ ಹೆಸರು ಎಮ್ಮಿ ತಲಿ ಮ್ಯಾಲೆ ನೋಡಾಕ ನಮಗ ಮನಸಿಲ್ಲ.”

ಆ ಮಾತು ಹೇಮಾವತಿಗೆ ಸೇರಿತು. ಹತ್ತು ದಿನದಾಗ ಕೊಡತೀನಂತ ಒಪ್ಪಿಕೊಂಡ್ಲು. ಉಮಾಪತಿ ಮೂರು ಪಟ್ಟಿ ಕೊಟ್ಟು ಬೈಕ್ ಹತ್ತಿ ಹೋದ.

ಮಧ್ಯಾಹ್ನ ಊಟಾ ಮಾಡಿ ಲ್ಯಾಪ್‌ಟಾಪ್ ಮುಂದ ಕುಂತು ಹೆಸರು ಹೊಡಿಯಾಕ ಹತ್ತಿದ್ಲು. ಭವಾನಿ ಹೆಸರು ಬಂತು. ಬಾಜೂ ಕುಂದ್ರತಿದ್ದಾಕಿ, ಹುಣಸಿಕಾಯಿ ಅರ್ಧ ಮಾಡಿ ಕೊಡತಿದ್ದಾಕಿ. ಆಮ್ಯಾಲೆ ಸಿದ್ದೇಶನ ಹೆಸರು. ಒಂದೊಂದು ಹೆಸರಿಗೂ ಒಂದೊಂದು ಮಾರಿ ಕಣ್ಣ ಮುಂದ ಬಂದು ನಿಂದ್ರತಿತ್ತು. ಶಾಲಿನ ಪಟ್ಟಿಯೊಳಗ ಈಶಪ್ಪ ಗುರುಗಳ ಹೆಸರು ನೋಡಿ ಕೈ ತಡೀತು. ಗಣಿತದ ಮಾಸ್ತರು, ಆಕಿಗೆ ಭಾಳ ಬೇಕಾದವರು. ಹಂಗಂತನ ಆಕಿ ಸಿಟ್ಟೆಲ್ಲಾ ಅವರ ಮ್ಯಾಲೇ ಹೆಚ್ಚಿತ್ತು. ಕಡೀಕ ಮೂರನೇ ಪಟ್ಟಿ ತಗದ್ಲು. ಮ್ಯಾಲೆ ‘ಅಗಲಿದ ಗೆಳೆಯರು’ ಅಂತಿತ್ತು. ಮೊದಲನೇದು ರುದ್ರೇಶ. ಅಯ್ಯೋ ಶಿವನೇ, ಆ ಹುಡುಗ ಹೋದನಾ? ಎರಡನೇದು ಹೈದರಸಾಬ. ಕಣ್ಣೊಳಗ ನೀರು ಬಂತು. ಒರಸಿಕೊಂಡು ಮೂರನೇದು ಓದಿದ್ಲು.

ಹೇಮಾವತಿ ಕಾಳಪ್ಪ ಕಲ್ಲೂರ.

ಮೊದಲು ನಗು ಬಂತು, ಖರೇನ. ಸತ್ತಾಕಿ ಕೈಯಾಗ ಸತ್ತಾಕಿ ಹೆಸರು ಬರಸಾಕ ಕೊಟ್ಟಾರಲ್ಲ, ಎಂಥಾ ಮಂದಿ ಇವರು! ಆಮ್ಯಾಲೆ ಸಿಟ್ಟು ನೆತ್ತಿಗೇರಿತು. ಪಟ್ಟಿ ಹಿಡಕೊಂಡು ಹಿತ್ತಲಕ್ಕ ನಡದ್ಲು. ಅಲ್ಲಿ ಅವ್ವ ಹೊಳಿಯಮ್ಮ ತೊಗರಿ ಹಸನ ಮಾಡಕೋತ ಕುಂತಿದ್ಲು. ಅಪ್ಪ ತೀರಿಕೊಂಡ ಮ್ಯಾಲೆ ಅವ್ವ ಮಗಳ ಮನಿಯಾಗ ಇರತಾಳ.

“ಯವ್ವಾ, ನಾ ಸತ್ತೀನಂತ ಅಳವಂಡ್ಯಾಗ ಯಾರು ಹೇಳಿದ್ರು?”

ತೊಗರಿ ಕೇರೋ ಮರ ಹೊಳಿಯಮ್ಮನ ಕೈಯಾಗ ನಿಂತ ಬಿಡ್ತು. ಸುಳ್ಳು ಹೇಳಾಕ ಬಾಯಿ ತೆರದ್ಲು, ಮಗಳ ಮಾರಿ ನೋಡಿ ಮುಚ್ಚಿದ್ಲು.

“ನಿಮ್ಮಪ್ಪ ಹೇಳಿದ” ಅಂದ್ಲು. “ಆ ಗಣಿತದ ಮಾಸ್ತರ, ಈಶಪ್ಪ, ಬಿಡಲಿಲ್ಲ ಹೇಮಿ. ಒಮ್ಮೆ ಬಂದ, ಊರಿಗೆ ಹೋಗ್ಯಾಳಂದ್ವಿ. ಮತ್ತ ಬಂದ, ಆರಾಮಿಲ್ಲ ಅಂದ್ವಿ. ಮೂರನೇ ಸಲಾ ಬಂದಾಗ ನಿಮ್ಮಪ್ಪಗ ಅಂಜಿಕಿ ಹತ್ತಿತು. ಸಣ್ಣ ಹುಡುಗಿ ಮದುವಿ ಮಾಡ್ಯಾರಂತ ಗೊತ್ತಾದ್ರ ಪೊಲೀಸರಿಗೆ ಹೇಳತಾನ ಅಂತ. ಕಾಮಣಿ ಬ್ಯಾನಿ ಆಗಿ ತೀರಿಕೊಂಡ್ಲರಿ ಅಂತ ಹೇಳೇ ಬಿಟ್ಟ. ನಾನೂ ಸೆರಗು ಬಾಯಿಗೆ ಹಿಡಕೊಂಡು ನಿಂತಿದ್ನಿ. ಮುಂದಿನ ವಾರ ಮನಿ ಬಿಟ್ಟು ಗಂಗಾವತಿಗೆ ಹೋದ್ವಿ.”

“ಮೂರು ಸಲಾ ಬಂದಿದ್ರಾ?”

“ಹೂಂ ಯವ್ವಾ. ಬಿಸಲಾಗ ಸೈಕಲ್ ತುಳಕೋತ.”

ಹೇಮಾವತಿ ಅಲ್ಲೇ ನೆಲದ ಮ್ಯಾಲೆ ಕುಂತ ಬಿಟ್ಲು. ಸತ್ತಾಳಂತ ಅಂದದ್ದಕ್ಕ ಅಷ್ಟು ಸಂಕಟ ಆಗಲಿಲ್ಲ ಆಕಿಗೆ. ಯಾರೂ ಬರಲಿಲ್ಲಂತ ಇಪ್ಪತ್ತೆರಡು ವರ್ಷ ಯಾವ ಮನಷಾನ್ನ ಬೈಕೋತ ಕುಂತಿದ್ಲೋ, ಆ ಮನಷಾ ಮೂರು ಸಲಾ ಬಂದು ಹೋಗಿದ್ದ. ಸಂಕಟ ಆದದ್ದು ಅದಕ್ಕ. ಜೀವಂತ ಆ ಗುರುವಿನ ಮುಂದ ಹೋಗಿ ನಿಂದ್ರಬೇಕು. ಅಷ್ಟ ಬೇಕಾಗಿತ್ತು ಆಕಿಗೆ, ಬ್ಯಾರೇ ಏನೂ ಬ್ಯಾಡ.

ಸಂಜಿ ಶಿಫ್ಟ್ ಮುಗಿಸಿ ಬಂದ ರವಿಕುಮಾರ ಎಲ್ಲಾ ಕೇಳಿ, “ಈಗಿಂದೀಗ ಉಮಾಪತಿಗೆ ಫೋನ್ ಹಚ್ಚು” ಅಂದ.

“ಫೋನಿನಾಗ ಹೇಳಿ ಮುಗಿಸೋ ಮಾತಲ್ಲರೀ ಇದು” ಅಂದ್ಲು ಹೇಮಾವತಿ. “ಮೊದಲು ಕೆಲಸ ಮುಗೀಲಿ. ಒಪ್ಪಿಕೊಂಡೀನಿ.”

ಎಂಟು ದಿನ ಹಗಲೆಲ್ಲಾ ಮಿಷನ್ ಓಡಿತು. ನಡುವ ಕರೆಂಟ್ ಹೋತು, ಬಾಬಿನ್ ದಾರ ತುಂಡಾತು, ಮೂರನೇ ದಿನಾ ಸೂಜಿ ಮುರೀತು. ಆಕಿ ಜಗ್ಗಲಿಲ್ಲ. ಭವಾನಿ ದಸ್ತಿ ಮ್ಯಾಲೆ ಹೆಸರಿನ ಬಾಜೂ ಒಂದು ಹುಣಸಿಕಾಯಿ ಹಾಕಿದ್ಲು, ಉಮಾಪತಿದಕ್ಕ ಎರಡು ಶೇಂಗಾ. ಯಾರೂ ಹೇಳಿರಲಿಲ್ಲ ಇವನ್ನ ಹಾಕಂತ. ಹಿಂದಿ ಮಿಸ್ಸಿನ ಶಾಲಿಗೆ ಮಲ್ಲಿಗಿ, ಪಿಟಿ ಮಾಸ್ತರ ಶಾಲಿಗೆ ಸೀಟಿ. ಬಿಳೀ ಬಟ್ಟಿ ಮ್ಯಾಲೆ ರುದ್ರೇಶನ ಹೆಸರು, ಹೈದರಸಾಬನ ಹೆಸರು ಕಡುನೀಲಿ ದಾರದಾಗ ನಿಧಾನಕ್ಕ ಹೊಲದ್ಲು. ಮೂರನೇ ಹೆಸರಿನ ಜಾಗಾ ಖಾಲಿ ಬಿಡಲಿಲ್ಲ. ಎರಡೂ ಹೆಸರು ನಟ್ಟ ನಡುವ ಬರೋ ಹಂಗ ಕೂಡಿಸಿದ್ಲು.

ಈಶಪ್ಪ ಗುರುಗಳ ಶಾಲು ಒಂದ ಮಿಷನ್ನಿಗೆ ಸುಲಭ ಬರಲಿಲ್ಲ. ಉಣ್ಣೆ ಶಾಲು ಜಗ್ಗಿ ಎರಡು ಸಲಾ ಅಕ್ಷರ ಸುಕ್ಕಾದವು. ಎರಡು ಸಲಾನೂ ಬ್ಲೇಡಿನಾಗ ಒಂದೊಂದೇ ಹೊಲಿಗಿ ಬಿಚ್ಚಿದ್ಲು. ಮೂರನೇ ಸಲಾ ಕೆಳಗ ದಪ್ಪ ಪೇಪರ್ ಕೊಟ್ಟು, ಮಿಷನ್ನಿನ ವೇಗ ಅರ್ಧಕ್ಕ ಇಳಿಸಿ, ಕಡೀತನಕ ಬಾಜೂನ ನಿಂತು ಹೊಲಸಿದ್ಲು. ಆ ಹೆಸರು ನೋಡಿ ರವಿಕುಮಾರ, “ಅಚ್ಚು ಹಾಕಿದಂಗೈತಿ” ಅಂದ.

ಒಂಬತ್ತನೇ ದಿನ ಉಮಾಪತಿ ಬಂದ. ಒಂದೊಂದ ಬಿಚ್ಚಿ ನೋಡಿ ಹಿಗ್ಗಿ ಹೀರೇಕಾಯಿ ಆದ. ತನ್ನ ದಸ್ತಿ ಮ್ಯಾಲಿನ ಶೇಂಗಾ ನೋಡಿ, “ಇದೇನ್ರಿ ಅಕ್ಕಾರ, ಇದು ನಿಮಗ ಹೆಂಗ ಗೊತ್ತು?” ಅಂತ ಬೆರಗಾದ. ಉತ್ತರಕ್ಕ ಕಾಯೋದರೊಳಗ ಬಿಳೀ ಬಟ್ಟಿ ಕೈಗೆ ಬಂತು. “ಇಲ್ಲೊಂದು ಹೆಸರು ಬಿಟ್ಟೀರಿ ನೋಡ್ರಿ. ಮೂರಿದ್ದವಲ್ಲ?”

“ಸತ್ತವರ ಹೆಸರು ಬರದೀನ್ರಿ. ಬದುಕಿದಾಕಿ ಹೆಸರು ಅದರಾಗ ಹೆಂಗ ಬರೀಲಿ?”

“ಯಾರು ಬದುಕಿದಾಕಿ?”

ಹೇಮಾವತಿ ಕನ್ನಡಕ ತಗದ್ಲು. “ಶೇಂಗಾ ಸಿಪ್ಪಿ ನನ್ನ ಜಡಿಯಾಗ ಹಾಕತಿದ್ಯಲ್ಲೋ ಉಮಾಪತಿ, ಅಷ್ಟ ಲಗೂನ ಮರತ್ಯಾ?”

ಆತ ಕುಂತ ಸ್ಟೂಲಿನಿಂದ ಎದ್ದ, ಮತ್ತ ಕುಂತ. “ಹೇಮಿ” ಅಂದ. ಬಿಳೀ ಬಟ್ಟಿ ಮಡಚಿ ಬಾಜೂಕ ಇಟ್ಟು ಹೇಳಿದ: “ಈಶಪ್ಪ ಗುರುಗಳು ನಿಮ್ಮ ಮನಿಗೆ ಹೋಗಿ ಬಂದು ಬೋರ್ಡಿನ ಮುಂದ ನಿಂತು ಅತ್ತಿದ್ರವ್ವಾ. ನಾವೆಲ್ಲಾ ಎದ್ದು ನಿಂತಿದ್ವಿ. ಭವಾನಿ ಎರಡು ದಿನಾ ಸಾಲಿಗೆ ಬರಲಿಲ್ಲ. ತಡಿ, ಗುರುಗಳಿಗೆ ಫೋನ್ ಮಾಡತೀನಿ. ಎಪ್ಪತ್ತೈದು ದಾಟಿದ ಜೀವ, ಒಮ್ಮೆಲೆ ಮುಂದ ಹೋಗಿ ನಿಂತ್ರ ಎದಿ ಹಿಡಕೊಂಡಾರು.”

“ಫೋನ್ ಕೆಳಗಿಡು” ಅಂದ್ಲು ಹೇಮಾವತಿ. “ನಾ ಸತ್ತ ಸುದ್ದಿ ಮಂದಿ ಬಾಯಿಂದ ಕೇಳ್ಯಾರ. ಬದುಕಿದ ಸುದ್ದಿ ನನ್ನ ಬಾಯಿಂದನ ಕೇಳಲಿ. ನಿನ್ನ ಕೆಲಸ ಒಂದ: ಅವರಿಗೆ ಶಾಲು ಹೊಚ್ಚಾಕ ನನ್ನ ಕರಿ.”

ಆಯ್ತವಾರ ಮುಂಜಾನೆ ಅಳವಂಡಿಗೆ ಹೊಂಟಾಗ ಹೊಳಿಯಮ್ಮ ಎಲ್ಲಾರಕಿಂತ ಮೊದಲು ಇಳಕಲ್ ಸೀರಿ ಉಟಗೊಂಡು ಆಟೋದಾಗ ಕುಂತಿದ್ಲು. ಯಾರೂ ಕರದಿರಲಿಲ್ಲ. ಯಾರೂ ಬ್ಯಾಡನ್ನಲಿಲ್ಲ.

ಸಾಲಿ ಮೈದಾನದಾಗ ಪೆಂಡಾಲ್ ಹಾಕಿದ್ರು. ಕಟ್ಟಿ ಮ್ಯಾಲೆ ಒಂಬತ್ತು ಕುರ್ಚಿ, ಒಂಬತ್ತು ಮಂದಿ ಗುರುಗಳು. ಈಶಪ್ಪ ಗುರುಗಳು ತೆಳ್ಳಗಾಗಿದ್ರು, ಕೈ ನಡುಗತಿತ್ತು, ಆದ್ರ ಕಣ್ಣು ಅವ. ಉಮಾಪತಿ ಮೈಕ್ ಹಿಡದು, “ಈಶಪ್ಪ ಗುರುಗಳಿಗೆ ಶಾಲು ಹೊಚ್ಚಾಕ ನಮ್ಮ ಬ್ಯಾಚಿನ ಗೆಳತಿ ಬರತಾಳ” ಅಂದ. ಹೆಸರು ಹೇಳಲಿಲ್ಲ, ಮಾತು ಕೊಟ್ಟಿದ್ದ.

ಹೇಮಾವತಿ ಮೆಟ್ಟಲಾ ಹತ್ತಿದ್ಲು. ಶಾಲು ಹೊಚ್ಚಿ, ಕಾಲಿಗೆ ಬಿದ್ದು ಎದ್ಲು.

“ಯಾರವ್ವಾ ನೀನು? ಗುರುತು ಸಿಗಲಿಲ್ಲ” ಅಂದ್ರು ಗುರುಗಳು.

ಹೇಮಾವತಿ ಕ್ಲಾಸಿನಾಗ ನಿಂತಂಗ ನೆಟ್ಟಗ ನಿಂತ್ಲು. “ಹೇಮಾವತಿ ಕಾಳಪ್ಪ ಕಲ್ಲೂರ. ಹಾಜರ್ ಸರ್.”

ಕೆಳಗ ಭವಾನಿ ಚೀರಿದ್ದು ಎಲ್ಲಾರಿಗೂ ಕೇಳಿಸ್ತು. ಗುರುಗಳು ಕುರ್ಚಿ ಕೈ ಹಿಡದು ಎದ್ದು ನಿಂತು ಆಕಿ ಮಾರಿ ನೋಡೇ ನೋಡಿದ್ರು. ಅಷ್ಟರಾಗ ಹೊಳಿಯಮ್ಮ ಕಟ್ಟಿ ಹಂತೇಕ ಬಂದು ಎರಡೂ ಕೈ ಮುಗದ್ಲು. “ಸುಳ್ಳು ಹೇಳಿದ್ವಿರಿ ಮಾಸ್ತರ. ಅಂಜಿ ಹೇಳಿದ್ವಿ. ಹೊಟ್ಟ್ಯಾಗ ಹುಟ್ಟಿದಾಕಿನ್ನ ಬಾಯಿಲೆ ಕೊಂದ್ವಿ.”

ಗುರುಗಳು ಹೇಮಾವತಿ ತಲಿ ಮ್ಯಾಲೆ ಕೈ ಇಟ್ರು.

“ಮೂರನೇ ಸಲಾ ನಾ ಬಂದದ್ದು ಪರೀಕ್ಷಾ ಫಾರಮ್ಮಿಗೆ ನಿನ್ನ ಸಹಿ ಹಾಕಿಸಿಕೊಳ್ಳಾಕವ್ವಾ” ಅಂದ್ರು. “ಹೊಸ್ತಿಲದಾಗ ನಿಂತು ಅವರ ಮಾತು ನಂಬಿ ಹೊಳ್ಳಿ ಹೋಗಿಬಿಟ್ನಿ. ಒಳಗ ಹೊಕ್ಕು ನೋಡಬೇಕಾಗಿತ್ತು, ಎಲ್ಲಿ ಮಣ್ಣು ಮಾಡಿದ್ರಿ ಅಂತ ಕೇಳಬೇಕಾಗಿತ್ತು. ಕೇಳಲಿಲ್ಲ. ನಂದೂ ತಪ್ಪು ಐತಿ.”

ಹೇಮಾವತಿ ಅಷ್ಟು ದಿನದಿಂದ ತಡದಿದ್ದ ಅಳು ಅಲ್ಲೇ ಅತ್ಲು, ಐವತ್ತು ಮಂದಿ ಮುಂದ, ನಾಚಿಕಿ ಇಲ್ಲದಂಗ. ಆಮ್ಯಾಲೆ ಸೆರಗಿಲೆ ಮಾರಿ ಒರಸಿಕೊಂಡು ಗುರುಗಳ ಕೈ ಗಟ್ಟಿ ಹಿಡದ್ಲು.

“ಬರೋ ವರ್ಷದ ಫಾರಂ ತರಸ್ರಿ ಸರ್” ಅಂದ್ಲು. “ನಾ ಸಹಿ ಹಾಕತೀನಿ.”