ಬ್ಯಾಟರಿ ಇಲ್ಲದ ಗಾಡಿಯ ದೀಪ

ದೆವ್ವ, ಗಾಳಿ, ಸತ್ತವರ ನೆರಳು ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ. ನನಗೆ ಅದರಲ್ಲಿ ನಂಬಿಕೆ ಇರಲಿಲ್ಲ. ನಿಮ್ಮ ಅಜ್ಜನಿಗಂತೂ ಮೊದಲೇ ಇರಲಿಲ್ಲ. ದೀಪ ತಾನಾಗಿ ಹತ್ತಿತು ಎಂದು ಯಾರಾದರೂ ಹೇಳಿದರೆ, ಎಲ್ಲೋ ತಂತಿ ತಾಗಿದೆ ಎನ್ನುವವರು ಅವರು. ಈಗ ನಾನೇ ಇಂಥದ್ದನ್ನು ಬರೆಯಲು ಕೂತಿದ್ದೇನೆ. ಸುಳ್ಳ ಗ್ರಾಮದ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು, ನಾಲ್ಕು ಜನರ ಮುಂದೆ ಬಾಯಿ ಬಿಡದವಳು. ಆದರೂ ಈ ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಯಲು ಮನಸ್ಸಿಲ್ಲ, ಮಕ್ಕಳೇ.

ಕೇಶ್ವಾಪುರದ ಆಚೆ ಒಂದು ದೊಡ್ಡ ಕಲ್ಯಾಣ ಮಂಟಪವಿದೆ. ಗೇಟಿನಿಂದ ಒಳಗಿನವರೆಗೆ ವಯಸ್ಸಾದವರನ್ನೂ ಮದುಮಕ್ಕಳನ್ನೂ ಕರೆತರಲು ಅದರ ಸಾವಕಾರರು ಒಂದು ಬ್ಯಾಟರಿ ಗಾಡಿ ತಂದಿದ್ದರು. ಗಾಲ್ಫ್ ಮೈದಾನದಲ್ಲಿ ಓಡಿಸುತ್ತಾರಂತಲ್ಲ, ಅಂಥದ್ದು. ನಿಮ್ಮ ಅಜ್ಜ ಅದರ ಮಿಸ್ತ್ರಿ. ಸೀಟಿನ ಕೆಳಗೆ ನಾಲ್ಕು ಬ್ಯಾಟರಿ, ನಾಲ್ಕೂ ಸೇರಿ ಮೋಟಾರು ಎಳೆಯಬೇಕು. ಮುಂದಿನ ದೀಪಕ್ಕೂ ಹಾರ್ನಿಗೂ ಅಷ್ಟೊಂದು ವೋಲ್ಟೇಜ್ ಬೇಡ. ಆದ್ದರಿಂದ ನಾಲ್ಕರಿಂದಲೂ ಸಮನಾಗಿ ತೆಗೆದುಕೊಂಡು ಇಳಿಸಿಕೊಡುವ ಕನ್ವರ್ಟರ್ ಡಬ್ಬಿಯೊಂದನ್ನು ಅವರು ಕೂರಿಸಿದ್ದರು. ಹಾಗೆ ಮಾಡದೆ ಒಂದೇ ಬ್ಯಾಟರಿಗೆ ತಂತಿ ಸಿಕ್ಕಿಸಿದರೂ ದೀಪ ಹತ್ತುತ್ತದೆ, ಆದರೆ ಆ ಒಂದು ಸೊರಗಿ ಉಳಿದ ಮೂರನ್ನೂ ಕೆಡಿಸುತ್ತದೆ ಎನ್ನುತ್ತಿದ್ದರು. “ನಾಕ ಎತ್ತು ಕಟ್ಟಿ, ಒಂದರ ಬೆನ್ನಮ್ಯಾಲೆ ಮೂಟಿ ಹೇರಿದ್ರ ಬಂಡಿ ಎಷ್ಟ ದೂರ ಹೋದೀತು?”

ಒಂದು ದಸರೆಯಲ್ಲಿ, ಆಯುಧಗಳಿಗೆ ಪೂಜೆ ಮಾಡುವ ಖಂಡೇ ಪೂಜೆಯ ದಿನ, ಸಾವಕಾರರ ಫೋನ್ ಬಂತು. ಸಂಜೆ ದೊಡ್ಡವರು ಬರುತ್ತಾರೆ, ಗಾಡಿಯ ಛಾವಣಿಗೆ ಬಣ್ಣದ ಲೈಟಿನ ಸರ, ಎರಡು ಫ್ಯಾನು, ಒಂದು ಸ್ಪೀಕರ್ ಆಗಲೇಬೇಕು. ಅಷ್ಟನ್ನು ಆ ಸಣ್ಣ ಡಬ್ಬಿ ತಡೆಯುವುದಿಲ್ಲ, ನಾಳಿನ ಬನ್ನಿ ಹಬ್ಬ ಮುಗಿದ ಮೇಲೆ ದೊಡ್ಡದು ಹಾಕುತ್ತೇನೆ ಎಂದರು ಅಜ್ಜ. ಅವರ ಇಕ್ಕಳ, ಪಾನಾ ಎಲ್ಲವೂ ವಿಭೂತಿ ಹಚ್ಚಿಸಿಕೊಂಡು ದೇವರ ಜಗಲಿಯ ಮೇಲಿದ್ದವು. ಪೂಜೆಗಿಟ್ಟ ಹತ್ಯಾರವನ್ನು ಆ ದಿನ ಮುಟ್ಟುವುದು ನಮ್ಮಲ್ಲಿಲ್ಲ. ಸಾವಕಾರರು ಪೆಂಡಾಲಿನ ಲೈಟಿನವನನ್ನು ಕರೆಸಿದರು. ಅವನು ಒಂದು ಕೆಂಪು ತಂತಿಯನ್ನು ನೇರವಾಗಿ ಒಂದೇ ಬ್ಯಾಟರಿಗೆ ಕಟ್ಟಿ ಹೋದ. ಹಬ್ಬ ಮುಗಿದ ಮೇಲೆ ಅಜ್ಜ ಅದನ್ನು ಬಿಚ್ಚಲು ಹೋದರೆ ಸಾವಕಾರರು ಬಿಡಲಿಲ್ಲ. “ನಡದೈತಲ್ಲೋ, ಬಿಡು. ಮದವಿ ಸೀಜನ್ ಮುಗೀಲಿ.”

ಸೀಜನ್ ಮುಗಿಯುವ ಮೊದಲೇ ಗಾಡಿ ನಿಂತಿತು. ವರನ ಅಜ್ಜಿಯನ್ನು ಕೂರಿಸಿಕೊಂಡು, ನಡುದಾರಿಯಲ್ಲಿ, ಸುಡುವ ಬಿಸಿಲಿನಲ್ಲಿ. ಬೀಗರು ಕೂಗಾಡಿದರು. ಸಾವಕಾರರು ಎಲ್ಲರೆದುರು ನಿಮ್ಮ ಅಜ್ಜನಿಗೆ, “ಎಲ್ಲಾ ನಿನ್ನ ಕೈಗುಣ. ನಾಳಿಂದ ಬರಬ್ಯಾಡ” ಎಂದರು. ಜೀವನವಿಡೀ ತಂತಿಯ ಕೆಲಸ ಮಾಡಿದ ಮನುಷ್ಯ. ಹತ್ಯಾರದ ಚೀಲವನ್ನೂ ಅಲ್ಲೇ ಬಿಟ್ಟು ಬಂದರು. ಆಮೇಲೆ ಕಟ್ಟೆಯ ಮೇಲೆ ಕೂತು ಅಂಗೈ ನೋಡಿಕೊಳ್ಳುತ್ತಿದ್ದರು. ಮಳೆಗಾಲಕ್ಕೆ ಮುಂಚೆ ತೀರಿಕೊಂಡರು. ಡಾಕ್ಟರು ಹೃದಯ ಎಂದರು, ಇರಬಹುದು. ಆದರೆ ಆ ಮಾತು ತೊಳೆದುಹೋಗದೆಯೇ ಅವರು ಹೋದರು.

ಮುಂದಿನ ದಸರೆಗೆ ಶೆಡ್ ಸ್ವಚ್ಛ ಮಾಡುವಾಗ ಚೀಲ ಸಿಕ್ಕಿದೆ, ಒಯ್ಯಿರಿ ಎಂದು ಸಾವಕಾರರು ಹೇಳಿ ಕಳಿಸಿದರು. ನಾನೂ ನಿಮ್ಮ ಅವ್ವನೂ ದೀಪ ಹಚ್ಚುವ ಹೊತ್ತಿಗೆ ಹೋದೆವು. ಗಾಡಿಯ ಸೀಟು ಎತ್ತಿಟ್ಟಿತ್ತು. ನಾಲ್ಕೂ ಬ್ಯಾಟರಿಗಳನ್ನು ಹೊರಗೆ ತೆಗೆದು ಗೋಡೆಯ ಬದಿಗೆ ಸಾಲಾಗಿ ಇಟ್ಟಿದ್ದರು. ಹೊಸವು ಇನ್ನೂ ಬಂದಿರಲಿಲ್ಲ. ಹೊಸ ಮಿಸ್ತ್ರಿ ಆ ಕೆಂಪು ತಂತಿ ತೋರಿಸಿ, ಇದನ್ನು ಹೀಗೆ ಕಟ್ಟಿದವನೇ ಬ್ಯಾಟರಿ ಕೊಂದವನು ಎಂದ.

“ಹಳೇ ಮಿಸ್ತ್ರೀದು,” ಎಂದರು ಸಾವಕಾರರು, ನನ್ನ ಎದುರಿಗೇ. “ಸತ್ತವರ ಸುದ್ದಿ ಆಡಬಾರದು, ಆದ್ರ ಅವನ ಕೆಲಸಾನ ಹಂಗಿತ್ತು.”

ನನ್ನ ಮೈ ಉರಿಯಿತು. ಚೀಲವನ್ನು ಎದೆಗೆ ಅವಚಿಕೊಂಡೆ. ಆಗಲೇ ಗಾಡಿಯ ಮುಂದಿನ ಎರಡು ದೀಪ ಹತ್ತಿದವು.

ಛಾವಣಿಯ ಬಣ್ಣದ ಸರ ಹತ್ತಲಿಲ್ಲ. ನಿಮ್ಮ ಅಜ್ಜ ಜೋಡಿಸಿದ ಆ ಎರಡೇ. ನಿಮ್ಮ ಅವ್ವ ನನ್ನ ತೋಳು ಹಿಡಿದಳು. ಮಿಸ್ತ್ರಿ ಗಾಡಿಯನ್ನು ಒಂದು ಸುತ್ತು ಹಾಕಿದ, ಖಾಲಿ ಗೂಡಿನೊಳಗೆ ಕೈ ಆಡಿಸಿದ, ತಂತಿಯ ತುದಿಗಳನ್ನೆಲ್ಲ ಮೇಲೆತ್ತಿ ಹಿಡಿದ. ಒಂದೂ ಯಾವುದಕ್ಕೂ ತಾಗಿರಲಿಲ್ಲ. ಅಷ್ಟು ಹೊತ್ತೂ ದೀಪ ಉರಿಯುತ್ತಿತ್ತು. ನಮ್ಮ ನೆರಳು ಹಿಂದಿನ ಗೋಡೆಯ ಮೇಲೆ ದೊಡ್ಡದಾಗಿ ಬಿದ್ದಿತ್ತು. ಆಮೇಲೆ ತಾನೇ ಆರಿತು.

ಆಗ ನನ್ನ ಬಾಯಿಂದ ಮಾತು ಬಂತು. “ಅವತ್ತ ಅವರ ಹತ್ಯಾರ ದೇವರ ಮುಂದ ಇದ್ವುರಿ, ಸಾವಕಾರ್ರ. ಆ ತಂತಿ ಯಾರ ಕಟ್ಟಿದ್ರು, ನಿಮಗ ಗೊತ್ತೈತಿ.”

ಅವರು ಗಾಡಿಗೆ ಕೈ ಮುಗಿದು, ಲಗೂನ ಒಂದು ತೆಂಗಿನಕಾಯಿ ತರಿಸಲು ಹೇಳಿದರು. ಈಗ ಪ್ರತಿ ಖಂಡೇ ಪೂಜೆಗೆ ಆ ಗಾಡಿಗೇ ಮೊದಲ ಆರತಿಯಂತೆ. ಅದರಲ್ಲಿ ದೇವರಿದ್ದಾನಂತೆ. ಆ ವರ್ಷದ ಬನ್ನಿ ಹಬ್ಬಕ್ಕೆ ನಮ್ಮ ಮನೆಗೆ ಬನ್ನಿ ಎಲೆ ಕಳಿಸಿದರು. ಬನ್ನಿ ಕೊಟ್ಟರೆ ಹಳೆಯದನ್ನು ಮರೆಯಬೇಕು ಎನ್ನುತ್ತಾರೆ. ನಾನು ಕೈ ಚಾಚಲಿಲ್ಲ. ದೀಪಕ್ಕೆ ಕೈ ಮುಗಿದ ಆ ಮನುಷ್ಯ ಇವತ್ತಿಗೂ ‘ತಪ್ಪಾತು’ ಅಂದಿಲ್ಲ.

ಆ ಕನ್ವರ್ಟರ್ ಡಬ್ಬಿಯೊಳಗೆ ಸ್ವಲ್ಪ ಕರೆಂಟು ಉಳಿದಿರುತ್ತದೆ, ಅದರಿಂದ ದೀಪ ಮಿನುಗಬಹುದು ಎಂದು ನಿಮ್ಮಲ್ಲೇ ಒಬ್ಬರು ಹೇಳಿದಿರಿ. ಒಂದು ಕ್ಷಣ ಮಿನುಗಿದ್ದರೆ ನಾನೂ ಒಪ್ಪುತ್ತಿದ್ದೆ. ಅಷ್ಟು ಹೊತ್ತು ಉರಿದದ್ದು ಹೇಗೆ? ನನಗೆ ತಿಳಿದಿಲ್ಲ. ನಿಮ್ಮ ಅಜ್ಜನೇ ಅಲ್ಲಿದ್ದಿದ್ದರೆ ದೇವರೂ ಅನ್ನುತ್ತಿರಲಿಲ್ಲ, ದೆವ್ವವೂ ಅನ್ನುತ್ತಿರಲಿಲ್ಲ. ಚಷ್ಮಾ ಏರಿಸಿಕೊಂಡು, ಬಗ್ಗಿ, ಎಲ್ಲೋ ತಂತಿ ತಾಗಿದೆ ಎಂದು ಹುಡುಕುತ್ತಿದ್ದರು.